ಕನ್ನಡಿ ಮುಂದೆ 'ನಾನೇ ಶ್ರೇಷ್ಠ' ಎಂದರೆ ಕುಗ್ಗಿದ ಮಕ್ಕಳು ಚೇತರಿಸಿಕೊಳ್ಳುತ್ತಾರೆಯೇ?

"ಮಗು ಮಂಕಾಗಿದೆಯೇ? ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಲ್ಲಿಸಿ 'ನಾನೇ ಶ್ರೇಷ್ಠ' ಎಂದು ಹೇಳಿಸಿ. ಡಾಕ್ಟರ್ ಬೇಡವೇ ಬೇಡ." ಇಂಥ ಸಂದೇಶಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ಬರುತ್ತವೆ. ಇದರಲ್ಲಿ ನಿಜವೆಷ್ಟು? ನೋಡೋಣ.

2009ರಲ್ಲಿ ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿದರು. 'ನಾನು ಪ್ರೀತಿಗೆ ಅರ್ಹ' ಎಂದು ಮತ್ತೆ ಮತ್ತೆ ಹೇಳಿಕೊಂಡಾಗ, ಮೊದಲೇ ಆತ್ಮಗೌರವ ಗಟ್ಟಿಯಿದ್ದವರಿಗೆ ಸ್ವಲ್ಪ ಹಿತವೆನಿಸಿತು. ಅದು ಕಡಿಮೆಯಿದ್ದವರು ಮಾತ್ರ ಇನ್ನಷ್ಟು ಕುಗ್ಗಿದರು. ಮನಸ್ಸು ಒಪ್ಪದ ಮಾತನ್ನು ಬಾಯಿ ಹೇಳಿದಾಗ, 'ನಾನು ಹಾಗಿಲ್ಲವಲ್ಲ' ಎಂಬ ಯೋಚನೆಯೇ ಮೇಲೆದ್ದು ಬರುತ್ತದೆ.

ಅತಿಯಾದ ಹೊಗಳಿಕೆಯೂ ಹೀಗೆಯೇ. 2014ರಲ್ಲಿ ಪ್ರಕಟವಾದ, ನೆದರ್‌ಲ್ಯಾಂಡ್ಸಿನ ಎಡ್ಡಿ ಬ್ರುಮ್ಮೆಲ್ಮನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಮಕ್ಕಳಿಂದ ಚಿತ್ರ ಬರೆಸಲಾಯಿತು. 'ಅದ್ಭುತ, ಅಸಾಧಾರಣ' ಎಂದು ಉಬ್ಬಿಸಿ ಹೊಗಳಿದಾಗ, ಆತ್ಮಗೌರವ ಕಡಿಮೆಯಿದ್ದ ಮಕ್ಕಳು ಮುಂದಿನ ಸಲ ಕಷ್ಟದ ಚಿತ್ರ ಬಿಟ್ಟು ಸುಲಭದ್ದನ್ನೇ ಆರಿಸಿಕೊಳ್ಳುವುದು ಹೆಚ್ಚಾಯಿತು. ಪ್ರತಿಸಲವೂ ಅದ್ಭುತವಾಗಿರಬೇಕು ಎಂಬ ಭಾರ ಹೊರುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಸುಲಭ, ಅಲ್ಲವೇ?

ಇನ್ನೊಂದು ಮುಖ್ಯ ಸಂಗತಿ. 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಎಂಬ ಭಾವನೆ ಖಿನ್ನತೆಯ ಲಕ್ಷಣವೂ ಆಗಿರಬಹುದು. ಜ್ವರ ಬಂದವರಿಗೆ 'ಮೈ ತಣ್ಣಗಿದೆ ಅಂದ್ಕೋ' ಎಂದರೆ ಜ್ವರ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, 10ರಿಂದ 19 ವರ್ಷದ ಪ್ರತಿ 7 ಮಂದಿಯಲ್ಲಿ ಒಬ್ಬರಿಗೆ ಮಾನಸಿಕ ಸಮಸ್ಯೆ ಇರುತ್ತದೆ. ಇದು ಸೋಮಾರಿತನವಲ್ಲ, ಬೆಳೆಸಿದವರ ತಪ್ಪೂ ಅಲ್ಲ.

ಹಾಗಾದರೆ ಮನೆಯವರು ಏನು ಮಾಡಬಹುದು?

• ಸಣ್ಣ ಕೆಲಸ ಕೊಡಿ: ಗಿಡಕ್ಕೆ ನೀರು ಹಾಕುವುದು, ಅಂಗಡಿಯಿಂದ ಹಾಲು ತರುವುದು. 'ನನ್ನ ಕೈಲಾಗುತ್ತದೆ' ಎಂಬ ನಂಬಿಕೆ ಕೆಲಸ ಮುಗಿಸಿದಾಗ ಹುಟ್ಟುತ್ತದೆ.
• ಕಂಡದ್ದನ್ನೇ ಹೇಳಿ: 'ನೀನು ಜೀನಿಯಸ್' ಬದಲು 'ಬೇಜಾರಿದ್ದರೂ ಇವತ್ತು ಶಾಲೆಗೆ ಹೋಗಿ ಬಂದೆಯಲ್ಲ, ಗಮನಿಸಿದೆ.'
• ಪಕ್ಕದ ಮನೆಯ ಮಕ್ಕಳ ಮಾರ್ಕ್ಸ್ ಜೊತೆ ಹೋಲಿಸಬೇಡಿ.
• ಉಪದೇಶಕ್ಕೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ.

ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ನಿದ್ದೆ, ಊಟ, ಓದು ಕೆಟ್ಟಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

'ಡಾಕ್ಟರ್ ಬೇಡ' ಎನ್ನುವ ಸಂದೇಶ ಮತ್ತೆ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಈ ನಂಬರನ್ನು ಮುಂದೆ ಕಳಿಸಿ.