ಹಾಸಿಗೆಯ ಬಳಿ ಹೆತ್ತವರಿರಲಿ

ಮಗುವಿಗೆ ದೀರ್ಘ ಕಾಯಿಲೆ ಬಂತೆಂದರೆ ಮನೆಯೇ ಹೋಳಾಗುತ್ತದೆ. ಹಾನಗಲ್ಲ ಸೀಮೆಯ ಕೂಲಿ ಕುಟುಂಬವೊಂದು ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಬೇಕಾಗುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರಿಗೆ ಎರಡು ವರ್ಷಕ್ಕೂ ಮಿಕ್ಕಿ ಔಷಧೋಪಚಾರ ಬೇಕು. ತಾಯಿ ವಾರ್ಡಿನಲ್ಲಿ, ತಂದೆ ಕೂಲಿಗೂ ಆಸ್ಪತ್ರೆಗೂ ನಡುವಣ ಬಸ್ಸಿನಲ್ಲಿ, ಉಳಿದ ಮಕ್ಕಳು ಅಜ್ಜಿಯ ಮನೆಯಲ್ಲಿ.

ಇಂಥಲ್ಲಿ ಗಾಯಗೊಳ್ಳುವುದು ಮಗುವಿನ ದೇಹವೊಂದೇ ಅಲ್ಲ. ಸೂಜಿಯ ಭಯ, ಅಪರಿಚಿತ ಮುಖಗಳು, ಮನೆಯ ಅಗಲಿಕೆ ಅದರ ಮನಸ್ಸನ್ನೂ ಇರಿಯುತ್ತವೆ. ಅಳುವ ಮಗುವನ್ನು ನಾವು ಗಮನಿಸುತ್ತೇವೆ. ಸುಮ್ಮನಾದ ಮಗುವನ್ನು ‘ಹೊಂದಿಕೊಂಡಿತು’ ಎಂದು ಮರೆಯುತ್ತೇವೆ. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ನರು 1952ರ ತಮ್ಮ ಚಲನಚಿತ್ರದಲ್ಲಿ ಆಸ್ಪತ್ರೆ ಸೇರಿದ ಎರಡು ವರ್ಷದ ಬಾಲೆಯೊಬ್ಬಳನ್ನು ತೋರಿಸಿ, ಆ ಮೌನ ನೆಮ್ಮದಿಯಲ್ಲ, ದುಃಖವೆಂದು ಎಚ್ಚರಿಸಿದರು. ಹೆತ್ತವರ ಭೇಟಿಗೆ ಅಲ್ಲಿದ್ದ ಕಟ್ಟಳೆಗಳನ್ನು ಸಡಿಲಿಸಬೇಕೆಂದು 1959ರಲ್ಲಿ ಪ್ಲಾಟ್ ಸಮಿತಿ ಶಿಫಾರಸು ಮಾಡಿತು. ನಮ್ಮ ಕೇಂದ್ರ ಸರ್ಕಾರವೂ 2017ರಲ್ಲಿ, ಅಸ್ವಸ್ಥ ನವಜಾತ ಶಿಶುಗಳ ಆರೈಕೆಯಲ್ಲಿ ಹೆತ್ತವರನ್ನು ಪಾಲುದಾರರನ್ನಾಗಿಸುವ ಮಾರ್ಗಸೂಚಿ ಹೊರಡಿಸಿತು. ಆ ವಿವೇಕ ದೊಡ್ಡ ಮಕ್ಕಳ ವಾರ್ಡುಗಳಿಗೂ ಹಬ್ಬಬೇಕು.

ಮಾರ್ಕನ ಶುಭಸಂದೇಶದಲ್ಲಿ ಯಾಯೀರನ ಹನ್ನೆರಡು ವರ್ಷದ ಮಗಳ ಪ್ರಸಂಗವನ್ನು ನೆನೆಯಿರಿ. ಗೋಳಾಡುತ್ತಿದ್ದ ಜನರನ್ನು ಹೊರಕಳಿಸಿದ ಪ್ರಭು ತಂದೆತಾಯಿಯರನ್ನು ಮಾತ್ರ ಹೊರಗಿಡಲಿಲ್ಲ. ಜೊತೆಗೇ ಒಳಗೆ ಕರೆದೊಯ್ದರು. ಮಗುವಿನ ಕೈ ಹಿಡಿದೆಬ್ಬಿಸಿದರು. ಬಳಿಕ ಅವಳಿಗೆ ಊಟ ಕೊಡಿರೆಂದರು.

ಸೋಂಕಿನ ಭಯ, ಸ್ಥಳದ ಅಭಾವ ಆಸ್ಪತ್ರೆಗಳಿಗೆ ನಿಜವಾದ ತೊಡಕುಗಳೇ. ಆದರೂ ತಂದೆಯನ್ನು ಗೇಟಿನಲ್ಲೇ ತಡೆಯುವ ಮುನ್ನ, ಅವನ ಸ್ಪರ್ಶವೂ ಶುಶ್ರೂಷೆಯೇ ಎಂಬುದನ್ನು ವೈದ್ಯರೂ ದಾದಿಯರೂ ಯೋಚಿಸಲಿ. ಹೆತ್ತವರಾದ ನಾವೂ ತಿದ್ದಿಕೊಳ್ಳಬೇಕು. ‘ಹಟ ಮಾಡಿದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ’ ಎಂದು ಬೆದರಿಸುವುದು ಬೇಡ. ‘ನೋವಾಗುವುದೇ ಇಲ್ಲ’ ಎಂಬ ಸುಳ್ಳೂ ಬೇಡ. ‘ಸ್ವಲ್ಪ ನೋವಾಗುತ್ತದೆ, ನಾನು ಕೈ ಹಿಡಿದಿರುತ್ತೇನೆ’ ಎನ್ನೋಣ.

ಧರ್ಮಕೇಂದ್ರಕ್ಕೂ ಇಲ್ಲಿ ಕೆಲಸವಿದೆ. ಜಪಸರ ಹೇಳುವ ಕೈಗಳು ಬುತ್ತಿಯನ್ನೂ ಕಟ್ಟಲಿ. ಒಂದು ರಾತ್ರಿ ಹಾಸಿಗೆಯ ಬಳಿ ಕುಳಿತು ದಣಿದ ತಾಯಿಗೆ ನಿದ್ದೆ ಕೊಡೋಣ. ಊರಲ್ಲುಳಿದ ಅಣ್ಣತಮ್ಮಂದಿರನ್ನು ಶಾಲೆಗೆ ಕಳಿಸೋಣ. ಮಗುವಿನ ಬಳಿ ತಾಯಿ ಇರಬೇಕಾದರೆ, ತಾಯಿಯ ಬಳಿ ನಾವಿರಬೇಕು.