ಕೆಲಸ ಸಿಕ್ಕ ಮೇಲೇ ಗಿಟಾರ್ ಹಿಡಿಯಬೇಕಾ?

ಡಿಗ್ರಿ ಮುಗಿದು 2 ವರ್ಷ. ಅಜ್ಜಂಪುರದ ನಮ್ಮ ಮನೆಯಲ್ಲಿ ಎಫ್‌ಡಿಎ, ಪಿಡಿಒ ಪುಸ್ತಕಗಳ ಪಕ್ಕ ಒಂದು ಹಳೇ ಗಿಟಾರ್ ಇದೆ. ತರೀಕೆರೆಯ ಗೆಳೆಯ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಕೊಟ್ಟದ್ದು. ‘ಮೊದ್ಲು ಒಂದು ಕೆಲ್ಸ ನೋಡ್ಕೊ, ಆಮೇಲೆ ಬಾರ್ಸೋವಂತೆ’ ಅಂತಾರೆ ಅಪ್ಪ.

ಮೊದಲು ಕಲಿತದ್ದು ಇ ಮೈನರ್. ಎರಡನೇ ಫ್ರೆಟ್‌ನಲ್ಲಿ ಎರಡೇ ಬೆರಳು ಸಾಕು. ಆಮೇಲೆ ಜಿ, ಸಿ, ಡಿ. ಎಡಗೈ ಬೆರಳ ತುದಿ ಉರಿದು ಬಿಸಿ ಟೀ ಲೋಟ ಮುಟ್ಟಲಾಗುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಯಿತು. ನಿಜವಾದ ಕಷ್ಟ ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವುದು. ‘ಜಿ’ಯಿಂದ ‘ಸಿ’ಗೆ ಬೆರಳು ಸರಿಯುವಷ್ಟರಲ್ಲಿ ಹಾಡಿನ ಸಾಲೇ ಮುಗಿದಿರುತ್ತಿತ್ತು! ಈಗ ಹಾಡು ಬಿಟ್ಟು, ಆ ಎರಡನ್ನೇ ನಿಧಾನವಾಗಿ ಬದಲಿಸುತ್ತಾ ಕೂರುತ್ತೇನೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಬೇಕಾದ ಎಫ್ ಮಾತ್ರ ಇನ್ನೂ ಒಲಿದಿಲ್ಲ.

ದಿನಕ್ಕೆ 15 ನಿಮಿಷದಿಂದ ನನ್ನ ಓದು ಕೆಟ್ಟಿಲ್ಲ. ಕಡೂರಿನಲ್ಲಿ ಗೆಳೆಯರೊಟ್ಟಿಗೆ ರಿಸಲ್ಟ್ ನೋಡಿ, ಪಟ್ಟಿಯಲ್ಲಿ ನನ್ನ ನಂಬರ್ ಇಲ್ಲದೆ ಬಸ್ ಹತ್ತಿ ಬಂದ ಸಂಜೆ, ಆ ವರ್ಷ ನಾನು ಕಲಿತದ್ದು ಅಂತ ಕೈಯಲ್ಲಿ ಉಳಿದಿದ್ದು ಇದೊಂದೇ. ಕೆಲಸ ಸಿಗುವವರೆಗೆ ಎಲ್ಲವನ್ನೂ ಮುಂದೂಡು ಎಂದರೆ ಹೇಗೆ?

ಮೊನ್ನೆ ತೋಟದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತರು. ‘ಅದೆರಡನ್ನೇ ಎಷ್ಟೊತ್ತು ಕುಟ್ತೀಯೋ, ಮುಂದಕ್ಕೆ ಹೋಗು’ ಅಂದರು.