ಕಡತದ ಕೋಣೆಗೆ ಕಿಂಡಿ ತೆರೆಯುವ ಮುನ್ನ

ರಾವಂದೂರು ಹೋಬಳಿಯ ರೈತ ಪಹಣಿ ನೋಡುವುದಕ್ಕೆಂದೇ ಪಿರಿಯಾಪಟ್ಟಣದ ಬಸ್ಸು ಹತ್ತುವ ಕಾಲ ಹೋಯಿತು. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಪಹಣಿ ಮೊಬೈಲಿನಲ್ಲೇ ಕಾಣುತ್ತದೆ. ಯಾರ ಜಮೀನು ಯಾರ ಹೆಸರಿಗೆ ಹೋಗಿದೆ ಎಂದು ಊರಿನವರೆಲ್ಲ ನೋಡಬಹುದಾದದ್ದರಿಂದ ಎಷ್ಟೋ ಕಳ್ಳಖಾತೆಗಳು ಹೊರಬಿದ್ದಿವೆ. ಆ ತೆರೆದ ಬಾಗಿಲು ಮುಚ್ಚಬೇಕೆಂದು ನಾವು ಕೇಳುತ್ತಿಲ್ಲ. ನಮ್ಮ ಕಳವಳ ಅದರ ಮುಂದಿನ ಹೆಜ್ಜೆಯದು.

ಕಂದಾಯ ಇಲಾಖೆ ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸಿ ಆನ್‌ಲೈನಿನಲ್ಲಿ ಹುಡುಕುವಂತೆ ಮಾಡುತ್ತಿದೆ. ಗೆದ್ದಲು ತಿನ್ನುತ್ತಿದ್ದ, ಬೇಕೆಂದಾಗ ಸಿಗದೆ ಹೋಗುತ್ತಿದ್ದ, ಕೆಲವೊಮ್ಮೆ ಬೇಕೆಂದೇ ಕಾಣೆಯಾಗುತ್ತಿದ್ದ ಕಡತಗಳು ಉಳಿಯುತ್ತವೆ. ಆದರೆ ಕಡತವೆಂದರೆ ಪಹಣಿಯಲ್ಲ. ಕಳೆದ ಹತ್ತು ಹನ್ನೆರಡು ವರ್ಷಗಳ ಯಾವುದೇ ಅರ್ಜಿಯ ಹಿಂದೆ ಆಧಾರ್ ಝೆರಾಕ್ಸ್ ಇರುತ್ತದೆ, ಪಡಿತರ ಚೀಟಿಯ ಪ್ರತಿ ಇರುತ್ತದೆ, ಫೋಟೊ ಇರುತ್ತದೆ, ಹೆಬ್ಬೆಟ್ಟಿನ ಗುರುತೂ ಇರುತ್ತದೆ. ಜಮೀನಿನ ವಿವರ ಊರಿಗೆ ಸೇರಿದ್ದು. ಹೆಬ್ಬೆಟ್ಟು ಒಬ್ಬ ಮನುಷ್ಯನಿಗೆ ಸೇರಿದ್ದು. ಎರಡನ್ನೂ ಒಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿ, ಒಂದೇ ಹುಡುಕಾಟಕ್ಕೆ ಸಿಗುವಂತೆ ಇಟ್ಟರೆ ಏನಾಗುತ್ತದೆ ಎಂಬುದನ್ನು ಕರಾವಳಿ ಆಗಲೇ ಕಂಡಿದೆ.

2023ರಲ್ಲಿ ದಕ್ಷಿಣ ಕನ್ನಡದಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಹಲವರ ಬ್ಯಾಂಕ್ ಖಾತೆಯಿಂದ ಹಣ ಹೋಗತೊಡಗಿತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಮಂಗಳೂರು ಪೊಲೀಸರು ಬಿಹಾರ ಮೂಲದ ಮೂವರನ್ನು ಹಿಡಿದ ಮೇಲೆ ದಾರಿ ಗೊತ್ತಾಯಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಕ್ರಯಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ ನಕಲಿ ಬೆರಳು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲಾಗಿತ್ತು. ಈ ವ್ಯವಸ್ಥೆಗೆ ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಇಷ್ಟು ಸಾಕು. ಆಮೇಲೆ ನೋಂದಣಿ ಇಲಾಖೆ ಬೆರಳಚ್ಚು ಮರೆಮಾಡಲು ಮುಂದಾಯಿತು. ಹಣ ಕಳೆದುಕೊಂಡವರಿಗೆ ಅದು ತಡವಾಗಿತ್ತು.

ಇದೇ ವ್ಯವಸ್ಥೆಯನ್ನು ನಂಬಿ ನಮ್ಮ ಹಳ್ಳಿಗಳ ಎಷ್ಟೋ ಮನೆಗಳು ನಡೆಯುತ್ತಿವೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆಗೊಂಡ ಗೃಹಲಕ್ಷ್ಮಿಯ 2,000 ರೂಪಾಯಿ, ವೃದ್ಧಾಪ್ಯ ವೇತನ, ಕೂಲಿ ಹಣ ಎಲ್ಲವನ್ನೂ ಬ್ಯಾಂಕ್ ಮಿತ್ರರ ಚಿಕ್ಕ ಯಂತ್ರದ ಮೇಲೆ ಬೆರಳಿಟ್ಟು ಪಡೆಯುವವರಿದ್ದಾರೆ. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಹಾಡಿಗಳಲ್ಲಿ ಸಹಿಯೆಂದರೆ ಹೆಬ್ಬೆಟ್ಟೇ ಆಗಿರುವ ಹಿರಿಯರು ಇನ್ನೂ ಇದ್ದಾರೆ. ಹೊಗೆಸೊಪ್ಪಿನ ಬೆಳೆಗಾರನಿಗೆ ಹರಾಜಿನ ಹಣ ವರ್ಷದಲ್ಲಿ ಕೆಲವೇ ತಿಂಗಳು ಖಾತೆಗೆ ಬರುತ್ತದೆ. ಆ ತಿಂಗಳುಗಳಲ್ಲಿ ಖಾತೆ ಖಾಲಿಯಾದರೆ ಸೌದೆ, ಗೊಬ್ಬರ, ಕೂಲಿಯ ಬಾಕಿ ಇಡೀ ವರ್ಷ ಕಾಡುತ್ತದೆ. ಪಾಸ್‌ವರ್ಡ್ ಕದ್ದುಹೋದರೆ ಬದಲಿಸಬಹುದು. ಬೆರಳನ್ನು ಬದಲಿಸಲಾಗದು.

ಸ್ಕ್ಯಾನ್ ಆದ ಕಡತ ಹೊರಹೋಗುವ ದಾರಿ ವೆಬ್ ಸೇವೆಯ ಕಿಂಡಿ. ತಂತ್ರಜ್ಞರು ಎಪಿಐ ಎನ್ನುವ ಅದು ಪರದೆಯ ಮೇಲೆ ನಮಗೆ ಕಾಣುವುದಿಲ್ಲ. ನಾಡಕಚೇರಿಯ ಗಣಕಯಂತ್ರವಾಗಲಿ, ಗ್ರಾಮ ಒನ್ ಕೇಂದ್ರದ್ದಾಗಲಿ, ಬ್ಯಾಂಕಿನದಾಗಲಿ ಸರ್ಕಾರದ ದತ್ತಾಂಶ ಭಂಡಾರಕ್ಕೆ ಪ್ರಶ್ನೆ ಕಳಿಸಿ ದಾಖಲೆ ತರಿಸಿಕೊಳ್ಳುವುದು ಈ ಕಿಂಡಿಯಿಂದ. ಹಿಂದೆ ಒಂದು ನಕಲು ಬೇಕಾದರೆ ಅರ್ಜಿ ಬರೆದು, ಶುಲ್ಕ ಕಟ್ಟಿ, ರೆಕಾರ್ಡ್ ರೂಮಿನ ಗುಮಾಸ್ತರ ಮುಂದೆ ನಿಲ್ಲಬೇಕಿತ್ತು. ಕೇಳಿದವರು ಯಾರೆಂದು ಅವರಿಗೆ ಗೊತ್ತಿರುತ್ತಿತ್ತು. ಆ ನಿಧಾನದಿಂದ ಜನ ಬೇಸತ್ತಿದ್ದು ನಿಜ, ಆದರೆ ಆ ನಿಧಾನವೇ ಒಂದು ಕಾವಲೂ ಆಗಿತ್ತು. ಕಿಂಡಿಯ ಮುಂದೆ ಯಂತ್ರ ನಿಂತರೆ ಅದು ದಣಿಯುವುದಿಲ್ಲ. ಸರ್ವೆ ನಂಬರುಗಳು 1, 2, 3 ಎಂದು ಸಾಲಾಗಿ ಇರುವಂಥವು. ತಡೆಯಿಲ್ಲದಿದ್ದರೆ ಒಂದು ಗ್ರಾಮದ ಅಷ್ಟೂ ಕಡತಗಳನ್ನು ಒಂದಾದ ಮೇಲೊಂದು ಕೇಳಿ ಪಡೆಯಲು ಸಣ್ಣದೊಂದು ಪ್ರೋಗ್ರಾಂ ಸಾಕು.

ಇದು ಊಹೆಯ ಮಾತಲ್ಲ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ‘ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ’ ಸಂಸ್ಥೆ ನಾಲ್ಕು ಸರ್ಕಾರಿ ಜಾಲತಾಣಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಯಲಾಗಿರಬಹುದೆಂದು ವರದಿ ಮಾಡಿತು. ಅವುಗಳಲ್ಲಿ ಪಿಂಚಣಿ ಯೋಜನೆಯ ತಾಣದಲ್ಲಿ ವಿಳಾಸಪಟ್ಟಿಯ ‘ನೋಲಾಗಿನ್’ ಎಂಬ ಪದವನ್ನು ‘ಲಾಗಿನ್’ ಎಂದು ತಿದ್ದಿದರೆ ಮುಚ್ಚಿಟ್ಟಿದ್ದ ವಿವರ ತೆರೆದುಕೊಳ್ಳುತ್ತಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಬಂಧನವಾಯಿತು. ಆಸ್ಪತ್ರೆಗಳಿಗೆಂದು ಇಟ್ಟಿದ್ದ ‘ಇ-ಹಾಸ್ಪಿಟಲ್’ ಕಿಂಡಿಯ ಮೂಲಕ, ಅನುಮತಿಯಿಲ್ಲದ ಅವರ ಆ್ಯಪ್ ತಿಂಗಳುಗಟ್ಟಲೆ ಆಧಾರ್ ವಿವರ ತರಿಸಿಕೊಂಡಿತ್ತು ಎಂಬುದು ಪ್ರಕರಣ. ಒಬ್ಬರನ್ನು ಬಂಧಿಸಿದ್ದು ಸುದ್ದಿಯಾಯಿತು; ಕಿಂಡಿಗೆ ಅಷ್ಟು ದಿನ ಕಾವಲೇ ಇರಲಿಲ್ಲವೇಕೆ ಎಂಬ ಪ್ರಶ್ನೆ ಅಷ್ಟಾಗಿ ಸುದ್ದಿಯಾಗಲಿಲ್ಲ. ಇನ್ನು 2025ರ ಜನವರಿಯಲ್ಲಿ ಕಾವೇರಿ 2.0 ಕುಸಿದು ನೋಂದಣಿಗಳು ನಿಂತಾಗ ಬಯಲಾದದ್ದು ನಕಲಿ ಖಾತೆಗಳಿಂದ ಬಂದ ವಿನಂತಿಗಳ ಮಹಾಪೂರ. ಎರಡು ಗಂಟೆಯಲ್ಲಿ 6 ಲಕ್ಷಕ್ಕೂ ಹೆಚ್ಚು. ಋಣಭಾರ ಪ್ರಮಾಣಪತ್ರದ ಹುಡುಕಾಟವನ್ನೇ ದಾಳಿಗೆ ಬಳಸಲಾಗಿತ್ತು. ಅದು ಸೇವೆ ಕೆಡಿಸುವ ದಾಳಿಯೆಂದು ಗುರುತಾಯಿತು, ಕಳವೆಂದಲ್ಲ. ಆದರೂ ಕೆಲವೇ ಇಮೇಲ್ ಖಾತೆಗಳು ಅಷ್ಟು ಸಲ ಕೇಳಲು ಸಾಧ್ಯವಾದದ್ದೇ ಎಚ್ಚರಿಕೆಯ ಗಂಟೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ, ಸ್ಕ್ಯಾನ್ ಕೆಲಸ ಮುಗಿದ ಮೇಲೆ ಮಾಡಹೊರಟರೆ ಮಾತ್ರ ಕಷ್ಟ. ಆಧಾರ್ ಪ್ರತಿ, ಬೆರಳಚ್ಚು, ಫೋಟೊ ಇರುವ ಪುಟಗಳನ್ನು ಸ್ಕ್ಯಾನ್ ಮಾಡುವಾಗಲೇ ಬೇರ್ಪಡಿಸಬೇಕು. ಹುಡುಕಾಟದ ಉತ್ತರದಲ್ಲಿ ಅವು ಎಂದಿಗೂ ಹೋಗಬಾರದು. ಪರದೆಯ ಮೇಲಷ್ಟೇ ಮಸುಕು ಮಾಡಿದರೆ ಸಾಲದು, ಸರ್ವರಿನಿಂದಲೇ ಹೊರಡಬಾರದು. ದೃಢೀಕೃತ ನಕಲು ಕೇಳುವವರು ತಮ್ಮ ಗುರುತು ಕೊಟ್ಟೇ ಕೇಳಲಿ, ಒಂದು ಖಾತೆಯಿಂದ ದಿನಕ್ಕೆ ಇಂತಿಷ್ಟೇ ಎಂಬ ಮಿತಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾರಾದರೂ ಒಂದು ಜಮೀನಿನ ಕಡತ ತೆಗೆದರೆ ಆ ಜಮೀನಿನ ಒಡೆಯರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗಬೇಕು. ಪಹಣಿಗೆ ಆಧಾರ್ ಜೋಡಿಸಿ ಎಂದು ಸರ್ಕಾರ ರೈತರನ್ನು ಗ್ರಾಮ ಆಡಳಿತಾಧಿಕಾರಿಗಳ ಬಳಿಗೆ ಕರೆಸಿಕೊಂಡಿದೆ. ಜನರ ಗುರುತನ್ನು ಜಮೀನಿಗೆ ಜೋಡಿಸಲು ಸಾಧ್ಯವಾದ ಸರ್ಕಾರಕ್ಕೆ ಅವರಿಗೊಂದು ಸಂದೇಶ ಕಳಿಸುವುದು ಅಸಾಧ್ಯವಲ್ಲ.

ಕಾನೂನು ಬರಲಿ ಎಂದು ಕಾಯುವುದೂ ತಪ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರದ್ದು, ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳು ಜಾರಿಯಾಗಲು ಮತ್ತೆ 18 ತಿಂಗಳ ಗಡುವು. ಸ್ಕ್ಯಾನರ್‌ಗಳು ಅಲ್ಲಿಯವರೆಗೆ ಸುಮ್ಮನಿರುವುದಿಲ್ಲ. ಕಂದಾಯ ಇಲಾಖೆಯ ಒಂದು ಸುತ್ತೋಲೆ ಸಾಕು, ಇಂದೇ ಹೊರಡಿಸಬಹುದು.

ಅಲ್ಲಿಯವರೆಗೆ ಓದುಗರು ತಮ್ಮ ಆಧಾರ್‌ನ ಬಯೊಮೆಟ್ರಿಕ್ ಲಾಕ್ ಮಾಡಿಸಿಕೊಳ್ಳಲಿ, ಹಣ ತೆಗೆಯುವ ದಿನ ಮಾತ್ರ ಬಿಡಿಸಿಕೊಳ್ಳಲಿ. ಖಾತೆಯಿಂದ ಗೊತ್ತಿಲ್ಲದೆ ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. ತನ್ನದೂ ಬ್ಯಾಂಕಿನದೂ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಇದನ್ನು ನಾಡಕಚೇರಿ, ಗ್ರಾಮ ಒನ್ ಕೇಂದ್ರ, ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗಳ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲು ತಹಶೀಲ್ದಾರರು ಯಾರ ಅನುಮತಿಗೂ ಕಾಯಬೇಕಿಲ್ಲ.